ಉಗುರಿನ ತುದಿಯ ಅದೃಷ್ಟ

ಬ್ಯಾಂಕಿನ ಕೌಂಟರಿನ ಒಳಬದಿಯಲ್ಲಿ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಕುಳಿತವನಿಗೆ ಜನರು ಹಣವನ್ನು ಕೂಡಿಡುವ ರೀತಿಗಿಂತ ಅದನ್ನು ಕಳೆದುಕೊಳ್ಳುವ ರೀತಿಯೇ ಹೆಚ್ಚಿನ ಪಾಠವನ್ನು ಕಲಿಸುತ್ತದೆ. ಅಂಥದೊಂದು ಪಾಠವನ್ನು ಸಂಘದ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಕೆಲವು ವರ್ಷಗಳ ಹಿಂದಿನ ಮಾತು. ಮುಂಬಯಿಯ ನಮ್ಮ ಶಾಖೆಗೆ ಹಿರಿಯರೊಬ್ಬರು ಮುದ್ದತು ಠೇವಣಿಯ ರಸೀದಿಯನ್ನು ಹಿಡಿದು ಬಂದರು. ಎಳೆಯ ವಯಸ್ಸಿನಲ್ಲಿ ಕರಾವಳಿಯಿಂದ ಈ ನಗರಕ್ಕೆ ಬಂದು, ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತವರು. ಒಂದೊಂದು ರೂಪಾಯಿಯ ಬೆಲೆಯನ್ನೂ ಅರಿತವರು. ಪತ್ನಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಇರಿಸಿದ್ದ ಅರುವತ್ತು ಸಾವಿರ ರೂಪಾಯಿಗಳ ಠೇವಣಿ ಅದು.

“ಇದನ್ನು ಇವತ್ತೇ ಮುರಿದು ಕೊಡಬೇಕು, ಸಾಹೇಬರೇ” ಎಂದರು.

“ಆಪರೇಷನ್ನಿನ ದಿನ ಗೊತ್ತಾಯಿತೇ, ಯಜಮಾನರೇ?” ಎಂದು ಕೇಳಿದೆ.

ಅವರು ಮೆಲ್ಲನೆ ನಕ್ಕು, ಕಿಸೆಯಿಂದ ಹೊಳೆಯುವ ಕಾರ್ಡೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅಂಚೆಯಲ್ಲಿ ಬಂದ ಸ್ಕ್ರ್ಯಾಚ್ ಕಾರ್ಡು. ಬೆಳ್ಳಿಬಣ್ಣದ ಲೇಪವನ್ನು ನಾಣ್ಯದಿಂದ ಕೆರೆದ ಜಾಗದಲ್ಲಿ ಒಂದು ಕಾರಿನ ಚಿತ್ರವಿತ್ತು. ಆ ಕಾರನ್ನು ಮನೆಗೆ ತಲುಪಿಸಲು ‘ತೆರಿಗೆ’ಯಾಗಿ ಮೂವತ್ತೆಂಟು ಸಾವಿರ ರೂಪಾಯಿಗಳನ್ನು ಒಬ್ಬನ ಉಳಿತಾಯ ಖಾತೆಗೆ ಕಟ್ಟಬೇಕೆಂದು ದೂರವಾಣಿಯಲ್ಲಿ ತಿಳಿಸಿದ್ದರಂತೆ. ‘ನೋಂದಣಿ’ ಎಂದೂ ‘ವಿಮೆ’ ಎಂದೂ ಎರಡು ಕಂತುಗಳಲ್ಲಿ ಹನ್ನೆರಡೂವರೆ ಸಾವಿರ ಆಗಲೇ ಹೋಗಿತ್ತು. ಇದು ಶುದ್ಧ ಮೋಸವೆಂದು ನಾನು ವಿವರಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಮೊದಲು ಕಳಿಸಿದ್ದೂ ಹೋದಂತೆಯೇ ಅಲ್ಲವೇ?” ಎಂದರು.

ಅವರನ್ನು ಕಾಡಿದ್ದು ಕಾರಿನ ಆಸೆ ಮಾತ್ರವಲ್ಲ. ಹೋದ ಹಣ ಹೋಯಿತೆಂದು ಒಪ್ಪಿಕೊಳ್ಳುವ ಸಂಕಟ.

ಅದೇ ಸಂಜೆ ಲೋಕಲ್ ಗಾಡಿಯಲ್ಲಿ ಮರಳುವಾಗ ಮೊಬೈಲಿನಲ್ಲಿ ವಿದ್ಯುತ್ ಬಿಲ್ಲನ್ನು ಪಾವತಿಸಿದೆ. ಪರದೆಯ ಮೇಲೆ ಬಣ್ಣಬಣ್ಣದ ಸ್ಕ್ರ್ಯಾಚ್ ಕಾರ್ಡೊಂದು ಮೂಡಿತು. ಬೆರಳಿನಿಂದ ಉಜ್ಜಿದೆ. ಮುಂದಿನ ಬಾರಿ ಅದೃಷ್ಟ ಒಲಿಯಲೆಂಬ ಹಾರೈಕೆ ಬಂತು. ಖರ್ಚಾದದ್ದು ಏನೂ ಇಲ್ಲ. ಆದರೂ ಮನಸ್ಸು ಒಂದು ಕ್ಷಣ ಪೆಚ್ಚಾಯಿತು. ವಾಣಿಜ್ಯ ಪದವೀಧರನಾದ ನನ್ನ ಬೆರಳಿಗೂ ಆ ಹಿರಿಯರ ಬೆರಳಿಗೂ ಇರುವ ಅಂತರ ಎಷ್ಟು ಕಡಿಮೆಯೆಂಬುದು ಆಗ ಅರಿವಾಯಿತು.

ಚೀಟಿಯ ಹುಟ್ಟು

ಲಾಟರಿ ಹಳೆಯದು, ಕೆರೆದು ನೋಡುವ ಚೀಟಿ ಹೊಸದು. 1974ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲಾಟರಿ ಇಲಾಖೆಯು ಇದನ್ನು ಮೊದಲು ಮಾರಾಟಕ್ಕಿಟ್ಟಿತು. ಜಾನ್ ಕೋಜಾ ಎಂಬ ಗಣಕ ವಿಜ್ಞಾನಿಯೂ ಡೇನಿಯಲ್ ಬೋವರ್ ಎಂಬ ವ್ಯಾಪಾರ ತಜ್ಞರೂ ಇದರ ರೂವಾರಿಗಳು. ಸಾಮಾನ್ಯ ಲಾಟರಿಯಲ್ಲಿ ಡ್ರಾ ದಿನದವರೆಗೆ ಕಾಯಬೇಕು. ಕಾಯುವ ಅವಧಿಯಲ್ಲಿ ಬುದ್ಧಿಗೆ ಯೋಚಿಸಲು ಬಿಡುವು ದೊರೆಯುತ್ತದೆ. ಈ ಚೀಟಿ ಆ ಬಿಡುವನ್ನೇ ತೆಗೆದುಹಾಕಿತು. ಕೊಂಡ ಕ್ಷಣವೇ ಫಲ, ಸೋತ ಕ್ಷಣವೇ ಇನ್ನೊಂದು ಚೀಟಿ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಚೀಟಿಯ ಫಲ ಮುದ್ರಣಾಲಯದಲ್ಲಿಯೇ ನಿರ್ಧಾರವಾಗಿರುತ್ತದೆ. ದೇವರ ಹೆಸರು ಹೇಳಿ ಕೆರೆದರೂ, ಮಗುವಿನ ಕೈಯಿಂದ ಕೆರೆಸಿದರೂ, ಲೇಪದ ಕೆಳಗಿನ ಅಕ್ಷರ ಬದಲಾಗದು. ಕೆರೆಯುವುದು ಆಟವಲ್ಲ, ಮುಗಿದುಹೋದ ಆಟದ ಪರದೆಯನ್ನು ಸರಿಸುವುದು ಅಷ್ಟೇ.

ನೂರು ಚೀಟಿಗಳ ಲೆಕ್ಕ

ಪರದೇಶಗಳಲ್ಲಿ ಇಂಥ ಚೀಟಿಗಳನ್ನು ‘ನಾಲ್ಕರಲ್ಲೊಂದಕ್ಕೆ ಬಹುಮಾನ’ ಎಂಬಂಥ ಮಾತಿನೊಡನೆ ಮಾರುವುದುಂಟು. ಈ ಮಾತು ಸುಳ್ಳಲ್ಲದೆಯೂ ಹೇಗೆ ಮೋಸಗೊಳಿಸಬಲ್ಲುದೆಂಬುದನ್ನು ನೋಡೋಣ. ಉದಾಹರಣೆಗೆಂದು, ಹತ್ತು ರೂಪಾಯಿಯ ನೂರು ಚೀಟಿಗಳ ಕಟ್ಟೊಂದನ್ನು ಕಲ್ಪಿಸಿಕೊಳ್ಳಿ. ಒಟ್ಟು ಮಾರಾಟ ಸಾವಿರ ರೂಪಾಯಿ. ಅದರಲ್ಲಿ 16 ಚೀಟಿಗಳಿಗೆ ತಲಾ 10 ರೂಪಾಯಿ, 6 ಚೀಟಿಗಳಿಗೆ ತಲಾ 20, 2 ಚೀಟಿಗಳಿಗೆ ತಲಾ 60, ಒಂದಕ್ಕೆ 200 ರೂಪಾಯಿ ಬಹುಮಾನ. ಗೆದ್ದ ಚೀಟಿಗಳು 25, ಅಂದರೆ ನಾಲ್ಕರಲ್ಲೊಂದು. ಆದರೆ ಅವುಗಳಲ್ಲಿ 16 ಚೀಟಿಗಳು ಕೊಟ್ಟ ಹಣವನ್ನಷ್ಟೇ ಮರಳಿಸಿದವು. ನಿಜವಾದ ಲಾಭ ಕಂಡವು ನೂರರಲ್ಲಿ ಒಂಬತ್ತು. ಹಂಚಿದ ಹಣ 600 ರೂಪಾಯಿ. ಉಳಿದ 400 ಮಾರಿದವರದು.

ಗೆದ್ದವರು ಅಷ್ಟಕ್ಕೇ ಎದ್ದು ಮನೆಗೆ ಹೋಗುತ್ತಾರೆಯೇ? ಬಹುಮಾನದ ಹಣದಲ್ಲಿ ಮತ್ತೆ ಚೀಟಿಯನ್ನೇ ಕೊಳ್ಳುತ್ತಾರೆ. ಸರಾಸರಿಯಲ್ಲಿ ಸಾವಿರವು ಆರುನೂರಾಗುತ್ತದೆ, ಆರುನೂರು 360 ಆಗುತ್ತದೆ, ಅನಂತರ 216, ಆಮೇಲೆ ಸುಮಾರು 130, ಐದನೆಯ ಸುತ್ತಿಗೆ 78. ಬ್ಯಾಂಕಿನವರು ಹೊಗಳುವ ಚಕ್ರಬಡ್ಡಿ ಇಲ್ಲಿ ತಲೆಕೆಳಗಾಗಿ ನಿಂತಿದೆ.

ನಮ್ಮ ದೇಶದಲ್ಲಿ ಹೆಚ್ಚಾಗಿರುವುದು ರಾಜ್ಯ ಸರ್ಕಾರಗಳ ಕಾಗದದ ಲಾಟರಿ. ಕೇರಳದಲ್ಲಿ ಅದು 1967ರಲ್ಲಿ, ಮಹಾರಾಷ್ಟ್ರದಲ್ಲಿ 1969ರಲ್ಲಿ ಆರಂಭವಾಯಿತು. ಕರ್ನಾಟಕವು 2007ರಲ್ಲಿ ಲಾಟರಿಯನ್ನೇ ನಿಲ್ಲಿಸಿತು. 2024ರಲ್ಲಿ ಕೇರಳದ ಓಣಂ ಬಂಪರಿನ 25 ಕೋಟಿ ರೂಪಾಯಿಗಳ ಮೊದಲ ಬಹುಮಾನ ಕರ್ನಾಟಕದವರೊಬ್ಬರಿಗೆ ಬಂದಾಗ ನಮ್ಮ ಎಷ್ಟೋ ಮನೆಗಳಲ್ಲಿ ಅದೇ ಮಾತು. 500 ರೂಪಾಯಿಯ ಆ ಟಿಕೆಟುಗಳು ಮಾರಾಟವಾದದ್ದು ಸುಮಾರು 70 ಲಕ್ಷ. ನಮ್ಮ ಮುಂಬಯಿಯ ಲೋಕಲ್ ಗಾಡಿಗಳಲ್ಲಿ ದಿನವೊಂದಕ್ಕೆ ಸಂಚರಿಸುವವರೂ ಹೆಚ್ಚುಕಡಿಮೆ ಅಷ್ಟೇ ಮಂದಿ. ಚರ್ಚ್‌ಗೇಟಿನಿಂದ ವಿರಾರಿನವರೆಗೆ, ಸಿ.ಎಸ್.ಎಂ.ಟಿ.ಯಿಂದ ಕಸಾರಾ, ಕರ್ಜತ್, ಪನವೇಲಿನವರೆಗೆ ತುಂಬಿ ತುಳುಕುವ ಎಲ್ಲ ಡಬ್ಬಿಗಳಿಂದ ಕಣ್ಣುಕಟ್ಟಿ ಒಬ್ಬನನ್ನು ಆರಿಸಿದರೆ ಅವನು ನೀವೇ ಆಗಿರಬೇಕು! ಕೊಟ್ಟ 500 ರೂಪಾಯಿಗಳಲ್ಲಿ ಆ ಮೊದಲ ಬಹುಮಾನದ ಆಸೆಗೆ ಸಲ್ಲುವ ನ್ಯಾಯವಾದ ಬೆಲೆ 36 ರೂಪಾಯಿಗಿಂತ ಹೆಚ್ಚಿಲ್ಲ. ಅದೂ ಏಜೆಂಟರ ಕಮಿಷನ್ ಮತ್ತು ತೆರಿಗೆ ಕಳೆಯುವ ಮುನ್ನ.

ಮನಸ್ಸಿನ ಲೆಕ್ಕ

ಇಷ್ಟು ಗೊತ್ತಿದ್ದೂ ಜನ ಏಕೆ ಆಡುತ್ತಾರೆ? ಕಾಗದದ ಲೆಕ್ಕ ಬೇರೆ, ಮನಸ್ಸಿನ ಲೆಕ್ಕ ಬೇರೆ.

ಮೊದಲನೆಯದು, ‘ಸ್ವಲ್ಪದರಲ್ಲಿ ತಪ್ಪಿತು’ ಎಂಬ ಭ್ರಮೆ. ಒಂದೇ ಬಗೆಯ ಮೂರು ಚಿತ್ರಗಳು ಬರಬೇಕಾದ ಕಡೆ ಎರಡು ಬಂದು ಮೂರನೆಯದು ಕೈಕೊಟ್ಟರೆ, ಲೆಕ್ಕದ ಪ್ರಕಾರ ಅದು ಪೂರ್ಣ ಸೋಲು. ಮನಸ್ಸಿಗೆ ಮಾತ್ರ ಅದು ಅರೆಗೆಲುವು. 2009ರಲ್ಲಿ ಕೇಂಬ್ರಿಜ್‌ನ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು ಮೆದುಳಿನ ಚಿತ್ರಗಳ ಮೂಲಕ ತೋರಿಸಿದ್ದು ಇದನ್ನೇ: ಗೆದ್ದಾಗ ಚುರುಕಾಗುವ ಮೆದುಳಿನ ಕೆಲವು ಭಾಗಗಳು ಇಂಥ ಅಂಚಿನ ಸೋಲಿನಲ್ಲಿಯೂ ಚುರುಕಾಗುತ್ತವೆ.

ಎರಡನೆಯದು, ‘ನಾನೇ ಆರಿಸಿದೆ’ ಎಂಬ ನಂಬಿಕೆ. ಅಮೆರಿಕದ ಮನೋವಿಜ್ಞಾನಿ ಎಲೆನ್ ಲ್ಯಾಂಗರ್ 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಚೇರಿಯ ನೌಕರರಿಗೆ ಒಂದು ಡಾಲರಿನ ಲಾಟರಿ ಚೀಟಿಗಳನ್ನು ಮಾರಲಾಯಿತು. ಕೆಲವರಿಗೆ ಆರಿಸಿಕೊಳ್ಳಲು ಬಿಟ್ಟರು. ಕೆಲವರಿಗೆ ಕೈಗೆ ಬಂದದ್ದನ್ನು ಕೊಟ್ಟರು. ಚೀಟಿಯನ್ನು ಮರಳಿ ಮಾರುವಿರಾ ಎಂದಾಗ ಎರಡನೆಯವರು ಸರಾಸರಿ ಎರಡು ಡಾಲರು ಕೇಳಿದರೆ, ತಾವೇ ಆರಿಸಿದವರು ಎಂಟು ಡಾಲರಿಗೂ ಹೆಚ್ಚು ಕೇಳಿದರು. ಗೆಲ್ಲುವ ಅವಕಾಶವಾದರೋ ಎಲ್ಲರಿಗೂ ಒಂದೇ ಆಗಿತ್ತು.

ಮೂರನೆಯದು ಅತ್ಯಂತ ಅಪಾಯಕಾರಿ: ಹೋದದ್ದನ್ನು ಮರಳಿ ಪಡೆಯುವ ಹಟ. ಧರ್ಮರಾಯನು ಸಂಪತ್ತನ್ನು ಸೋತ ಮೇಲೆ ಪಗಡೆಯಿಂದ ಏಳಲಿಲ್ಲ. ರಾಜ್ಯವನ್ನೂ ತಮ್ಮಂದಿರನ್ನೂ ತನ್ನನ್ನೂ ಕೊನೆಗೆ ದ್ರೌಪದಿಯನ್ನೂ ಒಡ್ಡಿದನು. ಅವನಿಗೆ ಧರ್ಮ ತಿಳಿಯದೆ ಇರಲಿಲ್ಲ. ನಮ್ಮ ಹಿರಿಯರು ಕೌಂಟರಿನ ಮುಂದೆ ಹೇಳಿದ ಮಾತಿನ ಬೇರು ಇಲ್ಲಿಯೇ ಇದೆ.

ಚೀಟಿಯ ಗುಟ್ಟನ್ನು ಒಡೆದವರೇ ಇಲ್ಲವೆಂದಲ್ಲ. ಕೆನಡಾದ ಟೊರಾಂಟೊ ನಗರದಲ್ಲಿ ಮೋಹನ್ ಶ್ರೀವಾಸ್ತವ ಎಂಬ ಸಂಖ್ಯಾಶಾಸ್ತ್ರಜ್ಞರು 2003ರಲ್ಲಿ ಒಂದು ಬಗೆಯ ಚೀಟಿಯ ಹೊರಗೆ ಕಾಣುವ ಅಂಕಿಗಳಿಂದಲೇ ಅದು ಗೆಲ್ಲುವ ಚೀಟಿಯೇ ಎಂದು ಬಹುಮಟ್ಟಿಗೆ ಹೇಳಬಹುದೆಂದು ಕಂಡುಹಿಡಿದರು. ಅವರು ಅಂಗಡಿಯಿಂದ ಅಂಗಡಿಗೆ ಓಡಲಿಲ್ಲ. ಕುಳಿತು ಲೆಕ್ಕ ಹಾಕಿದರು. ದಿನವೆಲ್ಲ ಅಲೆದು ಗಳಿಸಬಹುದಾದದ್ದು ತಮ್ಮ ಉದ್ಯೋಗದ ಗಳಿಕೆಗಿಂತ ಕಡಿಮೆಯೆಂದು ತಿಳಿದು ವಿಷಯವನ್ನು ಲಾಟರಿ ಸಂಸ್ಥೆಗೇ ಒಪ್ಪಿಸಿದರು. ಆ ಚೀಟಿಗಳು ಮಾರುಕಟ್ಟೆಯಿಂದ ಹಿಂದೆ ಸರಿದವು.

ಚಟವೂ ಕಾಯಿಲೆಯೇ

ಜೂಜಿನ ಚಟವನ್ನು ನಾವು ನಡತೆಯ ದೋಷವೆಂದು ಬಗೆದು ಮುಚ್ಚಿಡುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ಅದೊಂದು ಕಾಯಿಲೆ. ಲಕ್ಷಣಗಳು ಸ್ಪಷ್ಟ: ಆಟದ ಮೇಲೆ ಹಿಡಿತ ತಪ್ಪುವುದು, ಊಟ, ಕೆಲಸ, ಸಂಸಾರಕ್ಕಿಂತ ಆಟವೇ ಮೇಲಾಗುವುದು, ಹಾನಿಯಾದರೂ ಬಿಡಲಾಗದಿರುವುದು. ಮನೆಯವರಿಗೆ ಹೇಳದೆ ಸಾಲ ಮಾಡುವುದು, ಠೇವಣಿ ಮುರಿಯುವುದು ಎಚ್ಚರಿಕೆಯ ಗಂಟೆಗಳು. ಬೈದರೆ ಚಟ ಬಿಡದು, ಚಿಕಿತ್ಸೆ ಬೇಕು. ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಣ ಕೊಡದೆಯೇ ಸಲಹೆ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಇನ್ನು ವಂಚಕರ ಕಾರ್ಡಿನ ಬಗೆಗೆ ಒಂದು ಮಾತು. ಕೊಳ್ಳದ ಚೀಟಿಗೆ ಬಹುಮಾನ ಬರದು. ಲಾಟರಿಯ ನಗದು ಬಹುಮಾನದ ಮೇಲಿನ ತೆರಿಗೆಯನ್ನು ಕೊಡುವವರೇ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಕಾರಿನಂಥ ವಸ್ತುವಾದರೂ ತೆರಿಗೆ ಸಲ್ಲುವುದು ಸರ್ಕಾರದ ಖಜಾನೆಗೇ ಹೊರತು ಯಾರೋ ಒಬ್ಬನ ಉಳಿತಾಯ ಖಾತೆಗಲ್ಲ. ಮೋಸಹೋದದ್ದು ತಿಳಿದ ಕೂಡಲೇ ನಾಚಿಕೆಪಡದೆ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಬೇಕು. ಇಲ್ಲಿ ಒಂದೊಂದು ಗಂಟೆಗೂ ಬೆಲೆಯಿದೆ.

ವರ್ಷಕ್ಕೊಮ್ಮೆ ಹಬ್ಬಕ್ಕೆಂದು ಒಂದು ಟಿಕೆಟನ್ನು ಕೊಂಡವರನ್ನು ನಾನು ಹಳಿಯಲಾರೆ. ಸಿನಿಮಾ ನೋಡಿದಂತೆ, ಆ ಹಣ ಹೋಯಿತೆಂದೇ ತಿಳಿದು ಕೊಳ್ಳಲಿ. ಆದರೆ ದಿನಕ್ಕೆ 20 ರೂಪಾಯಿಯ ಚೀಟಿ ಕೊಳ್ಳುವವರು ಅದೇ ಹಣವನ್ನು, ತಿಂಗಳಿಗೆ 600ರಂತೆ, ಶೇಕಡಾ 6ರ ಬಡ್ಡಿಯ ಆವರ್ತ ಠೇವಣಿಯಲ್ಲಿ ಹತ್ತು ವರ್ಷ ಕಟ್ಟಿದರೆ ಕೈಗೆ ಬರುವುದು ಸುಮಾರು 98 ಸಾವಿರ. ಇದರಲ್ಲಿ ರೋಮಾಂಚನವಿಲ್ಲ, ನಿಜ, ಸೋಲೂ ಇಲ್ಲ.

ಆ ಹಿರಿಯರು ಅಂದು ಠೇವಣಿಯನ್ನು ಮುರಿಯಲಿಲ್ಲ. ಪೊಲೀಸರಿಗೆ ದೂರು ಕೊಟ್ಟರೂ ಹನ್ನೆರಡೂವರೆ ಸಾವಿರ ಮರಳಿ ಬರಲಿಲ್ಲ. ನಾಲ್ಕು ತಿಂಗಳ ಬಳಿಕ ಪತ್ನಿಯನ್ನು ಕರೆದುಕೊಂಡು ಶಾಖೆಗೆ ಬಂದರು. ಆ ತಾಯಿ ಪಾಸ್‌ಬುಕ್ಕನ್ನು ಕೈಗೆತ್ತಿಕೊಂಡು, ಯಾರ ಸಹಾಯವೂ ಇಲ್ಲದೆ ಉಳಿದ ಹಣದ ಅಂಕಿಗಳನ್ನು ಒಂದೊಂದಾಗಿ ಓದಿದರು. ಮೊತ್ತ ಚಿಕ್ಕದೇ ಆಗಿತ್ತು. ಯಜಮಾನರು ಪಕ್ಕದಲ್ಲಿ ನಿಂತು ಅದನ್ನು ಕೇಳುತ್ತಿದ್ದರು.