ನೆರಳಿನ ಅಗಲ

ತಮಿಳುನಾಡಿನ ಚಿನ್ನಾಳಪಟ್ಟಿಯ ದೇವಾಂಗರ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಎಕ್ಸ್‌ರೇ ಕೋಣೆಯದೂ ತಮಿಳೇ. "ಮೂಚ್ಚೈ ಇಳುತ್ತು ಪಿಡಿಂಗ ಐಯಾ," ಎನ್ನುತ್ತಾಳೆ ಎಕ್ಸ್‌ರೇ ತೆಗೆಯುವ ಹುಡುಗಿ; ಉಸಿರೆಳೆದು ಹಿಡಿದುಕೊಳ್ಳಿ ಎಂದು.

ಅಂಗಿ ಕಳಚಿ, ಕೊರಳ ತಾಯತ ಬಿಚ್ಚಿ ಮಗನ ಕೈಗಿತ್ತು, ಹಿರಿಯ ನೇಕಾರರು ತಟ್ಟೆಗೆ ಎದೆಯಾನಿಸಿ ನಿಂತಿದ್ದಾರೆ. ಗದ್ದ ಮೇಲೆ, ಕೈ ಸೊಂಟದ ಮೇಲೆ, ಭುಜ ಮುಂದಕ್ಕೆ. ಯಂತ್ರ ಬೆನ್ನ ಹಿಂದೆ, ಆರಡಿ ದೂರ. ಉಸಿರೆಳೆದರೆ ಅರ್ಧಕ್ಕೇ ಕೆಮ್ಮು. ಹುಡುಗಿ ಗುಂಡಿ ಒತ್ತುವುದಿಲ್ಲ, ಕಾಯುತ್ತಾಳೆ. ಉಸಿರು ತುಂಬದಿದ್ದರೆ ವಪೆ ಮೇಲೇರಿ ಹೃದಯವನ್ನು ಅಡ್ಡ ಮಲಗಿಸುತ್ತದೆ; ಸರಿಯಾಗಿರುವ ಹೃದಯವೂ ಪಟದಲ್ಲಿ ಉಬ್ಬಿಕೊಂಡು ಕಾಣುತ್ತದೆ. ಅವಸರದ ಕೈಗೆ ಇದು ತಿಳಿಯುವುದಿಲ್ಲ.

ಪಟ ಬಂತು. ಡಾಕ್ಟರು ಬೆಳಕಿಗೆ ಸಿಕ್ಕಿಸಿ ಸ್ಕೇಲು ಇಟ್ಟರು. ಬೆನ್ನೆಲುಬಿನ ನಡುಗೆರೆಯಿಂದ ಬಲಕ್ಕೆ ಹೃದಯದ ಅಂಚು 4.5 ಸೆಂಟಿಮೀಟರ್, ಎಡಕ್ಕೆ 10, ಕೂಡಿದರೆ 14.5. ಪಕ್ಕೆಲುಬುಗಳ ಒಳಗೆ ಎದೆಗೂಡಿನ ಅಗಲ 28. ಅರ್ಧ ದಾಟಿದೆ, ಕೂದಲೆಳೆಯಷ್ಟು. ದೊಡ್ಡವರಲ್ಲಿ ಹೃದಯ ಎದೆಯ ಅರ್ಧ ಮೀರಬಾರದೆಂಬ ಈ ಲೆಕ್ಕದ ಬೇರು 1919ರಲ್ಲಿ ಡ್ಯಾಂಜರ್ ಎಂಬ ವೈದ್ಯ ಬರೆದ ಲೇಖನದಲ್ಲಿದೆ. ನೂರು ವರ್ಷ ಕಳೆದರೂ ಸ್ಕೇಲು ಮೇಜಿನ ಮೇಲಿಂದ ಕದಲಿಲ್ಲ.

ಮಗ ಚೀಲದಿಂದ ಇನ್ನೊಂದು ಪಟ ತೆಗೆದ. ಹಿಂದೆ ಜ್ವರಕ್ಕೆ ಮಲಗಿದ್ದಾಗ ಹಾಸಿಗೆಯಲ್ಲೇ ತೆಗೆದದ್ದು. ಅದರಲ್ಲಿ ಹೃದಯ ಎದೆಯನ್ನೆಲ್ಲ ಆಕ್ರಮಿಸಿದಂತಿದೆ; ಮನೆಯವರು ರಾತ್ರಿಯಿಡೀ ಅತ್ತದ್ದು ಅದನ್ನು ನೋಡಿಯೇ. ಆದರೆ ಪಟವೂ ನೆರಳೇ: ಮಗ್ಗದ ಮೇಲೆ ತೂಗುವ ಬಲ್ಬಿನ ಕೆಳಗೆ ಕೈಯನ್ನು ಬಟ್ಟೆಗೆ ತಾಗಿಸಿದರೆ ನೆರಳು ಕೈಯಷ್ಟೇ, ಬಲ್ಬಿನತ್ತ ಎತ್ತಿದರೆ ಸೀರೆಯ ಪನ್ನವೇ ಮುಚ್ಚಿಹೋಗುತ್ತದೆ. ಮಲಗಿದವರ ಬೆನ್ನು ತಟ್ಟೆಗೆ, ಯಂತ್ರ ಎದೆಯ ಮೇಲೆ, ಅದೂ ಹತ್ತಿರ. ಹೃದಯವಿರುವುದು ಎದೆಯ ಮುಂಭಾಗಕ್ಕೆ. ತಟ್ಟೆಯಿಂದ ದೂರವಾದಷ್ಟೂ ನೆರಳು ಹಿಗ್ಗುತ್ತದೆ. ಹಳೆಯ ಪಟ, ಹೊಸ ಪಟ ಪಕ್ಕಪಕ್ಕ ಇಟ್ಟು "ಕಮ್ಮಿಯಾಗಿದೆ" ಎಂದು ಹಿಗ್ಗುವುದೂ ಅದಕ್ಕೇ ತಪ್ಪು.

ತಪ್ಪು ಒಂದೇ ಕಡೆಗಲ್ಲ. ಹೃದಯದ ಸುತ್ತಲಿನ ಕೊಬ್ಬು, ಹೊದಿಕೆಯೊಳಗೆ ತುಂಬಿದ ನೀರು, ಒಳಕ್ಕೆ ತಗ್ಗಿದ ಎದೆಮೂಳೆ, ಎಲ್ಲವೂ ನೆರಳನ್ನು ಹಿಗ್ಗಿಸುತ್ತವೆ. ಇನ್ನೊಂದು ನನಗೆ ಹೆಚ್ಚು ಭಯದ್ದು: ವರ್ಷಗಟ್ಟಲೆ ಬಿ.ಪಿ. ಏರಿ ಎಡ ಕೋಣೆಯ ಗೋಡೆ ಒಳಮುಖವಾಗಿ ದಪ್ಪಗಾಗಿದ್ದರೆ ಹೊರಗಿನ ಅಗಲ ಬದಲಾಗದೆ ಇರಬಹುದು. ಪಟ "ನಾರ್ಮಲ್" ಎನ್ನುತ್ತದೆ, ಮಾತ್ರೆ ಗೂಡಿನಲ್ಲೇ ಉಳಿಯುತ್ತದೆ. ಹಾಗೆಂದು ಎಕ್ಸ್‌ರೇ ದಂಡವಲ್ಲ. ಶ್ವಾಸಕೋಶದಲ್ಲಿ ನೀರು ನಿಂತಿದೆಯೇ, ಕಫ ಕಟ್ಟಿದೆಯೇ ಎಂದು ಇಷ್ಟು ಅಗ್ಗಕ್ಕೆ ತೋರಿಸುವುದು ಬೇರೆ ಯಾವುದಿದೆ?

"ಎಕೋ ಮಾಡಿಸಿ," ಎಂದರು ಡಾಕ್ಟರು. ಸ್ವೀಡನ್ನಿನ ಲುಂಡ್‌ನಲ್ಲಿ 1953ರಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಶಬ್ದದ ಅಲೆಯಿಂದ ಹೃದಯದ ಚಲನೆ ಹಿಡಿದರಲ್ಲ, ಅದರ ಮೊಮ್ಮಗು ಈ ಎಕೋ. ಗೋಡೆಯ ದಪ್ಪ, ಕೋಣೆಯ ಅಳತೆ, ಕವಾಟದ ಸೋರಿಕೆ, ಬಡಿತಕ್ಕೆ ಎಷ್ಟು ರಕ್ತ ಹೊರಬೀಳುತ್ತದೆ ಎಂಬುದು, ಎಲ್ಲ ಪರದೆಯ ಮೇಲೆ.

ನೇಕಾರರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ಹಾಸು ಮುಗೀಲಿ, ಆಮೇಲೆ ನೋಡೋಣ," ಎಂದರು.

"ಹಾಸು ನಾನು ನೆಯ್ತೀನಪ್ಪ. ನಾಳೆ ಬೆಳಿಗ್ಗೆ ಡಿಂಡಿಗಲ್ ಬಸ್ಸು ಹತ್ತು."