ಮಾಸ್ತಿ ಗ್ರಾಮದ ಹಳೆಯ ಮನೆ

ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮದ ಹೆಸರು ಕನ್ನಡ ಓದುಗರಿಗೆಲ್ಲ ಗೊತ್ತು. ಊರನ್ನು ಕಂಡವರು ಕಡಮೆ. ಊರ ಹೆಸರೇ ಒಬ್ಬ ಲೇಖಕರ ಹೆಸರಾಗಿ ನಿಂತುದು ಇದಕ್ಕೆ ಕಾರಣ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಊರಮನೆ ಇರುವುದು ಇಲ್ಲಿ. ಅದೀಗ ವಾಸದ ಮನೆಯಲ್ಲ. ಸರ್ಕಾರ ನೋಡಿಕೊಳ್ಳುವ ಗ್ರಂಥಾಲಯ.

ಮಾಸ್ತಿಯವರು ಹುಟ್ಟಿದ್ದು 1891ರ ಜೂನ್ 6ರಂದು, ಇದೇ ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ. ಎಳವೆ ಕಳೆದದ್ದು ಮಾಸ್ತಿಯಲ್ಲಿ. ಮುಂದೆ ವಿದ್ಯಾಭ್ಯಾಸ ಅವರನ್ನು ಮದರಾಸಿಗೆ ಕರೆದೊಯ್ದಿತು. ಮೈಸೂರು ಸಂಸ್ಥಾನದ ಸಿವಿಲ್ ಸೇವೆ ಊರೂರು ಸುತ್ತಿಸಿತು. 1943ರಲ್ಲಿ ನೌಕರಿ ಬಿಟ್ಟರು. ಬೆಂಗಳೂರಿನ ಗವಿಪುರ ಅವರ ನೆಲೆಯಾಯಿತು. ಊರಮನೆ ಹಿಂದುಳಿಯಿತು.

ಹೀಗೆ ಹಿಂದುಳಿದ ಮನೆಗಳ ಗತಿ ಬಯಲುಸೀಮೆಯಲ್ಲಿ ಸಾಮಾನ್ಯವಾಗಿ ಒಂದೇ. ಮಣ್ಣಿನ ಗೋಡೆ, ನಾಡಹೆಂಚಿನ ಮನೆಗೆ ವರ್ಷವರ್ಷವೂ ಆರೈಕೆ ಬೇಕು. ಮಳೆಗೆ ಮುನ್ನ ಹೆಂಚು ಕೈಯಾಡಿಸದಿದ್ದರೆ ನೀರು ಗೋಡೆಗಿಳಿಯುತ್ತದೆ. ತೊಲೆಗಳಿಗೆ ಗೆದ್ದಲು ಹತ್ತುತ್ತದೆ. ಒಲೆ ಉರಿಯದ ಮನೆ ಬಹುಕಾಲ ನಿಲ್ಲದು. ಮಕ್ಕಳು ಪಟ್ಟಣ ಸೇರಿದ ಮೇಲೆ ಎಷ್ಟೋ ಮನೆಗಳು ಪಾಲಾಗಿ, ಮಾರಾಟವಾಗಿ, ನೆಲಸಮವಾಗಿವೆ. ಮಾಸ್ತಿಯ ಮನೆ ಉಳಿದದ್ದು ಅದಕ್ಕೊಂದು ಹೊಸ ಕೆಲಸ ದೊರೆತದ್ದರಿಂದ.

ಈ ಮನೆ ಗ್ರಂಥಾಲಯವಾದುದರಲ್ಲಿ ಒಂದು ವಿಶೇಷ ಔಚಿತ್ಯವಿದೆ. ಕುಟುಂಬದ ಮನೆಮಾತು ತಮಿಳು. ಆಂಧ್ರ, ತಮಿಳುನಾಡುಗಳಿಗೆ ಅಂಟಿಕೊಂಡ ಕೋಲಾರ ಸೀಮೆಯಲ್ಲಿ ತೆಲುಗು ಮನೆಮಾತಾಗಿರುವವರೂ ಬಹಳ. ಮಾಸ್ತಿಯವರು 1914ರಲ್ಲಿ ಎಂ.ಎ. ಮಾಡಿದ್ದು ಇಂಗ್ಲಿಷಿನಲ್ಲಿ. ಆದರೂ ಬರವಣಿಗೆಗೆ ಅವರು ಆರಿಸಿಕೊಂಡದ್ದು ಕನ್ನಡವನ್ನು. 1920ರಲ್ಲಿ ಬಂದ 'ಕೆಲವು ಸಣ್ಣ ಕತೆಗಳು' ಕನ್ನಡ ಸಣ್ಣಕತೆಗೆ ದಾರಿ ಹಾಕಿತು. 'ಚಿಕವೀರ ರಾಜೇಂದ್ರ' ಕಾದಂಬರಿಯ ಕರ್ತೃವಿಗೆ 1983ರ ಜ್ಞಾನಪೀಠ ಪ್ರಶಸ್ತಿ ಸಂದಿತು. ಕನ್ನಡಕ್ಕೆ ಅದು ನಾಲ್ಕನೆಯದು. 1986ರಲ್ಲಿ, ಹುಟ್ಟಿದ ದಿನವಾದ ಜೂನ್ 6ರಂದೇ, ಅವರು ತೀರಿಕೊಂಡರು.

ಸಾಹಿತಿಗಳ ಮನೆಗಳನ್ನು ವಸ್ತುಸಂಗ್ರಹಾಲಯ ಮಾಡುವ ಪದ್ಧತಿಯೂ ಉಂಟು. ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯನ್ನು ಕಾಪಾಡಿರುವುದು ಹಾಗೆ. ನೋಡಲು ಬರುವವರಿಗೆ ಅದು ತೆರೆದಿದೆ. ಗ್ರಂಥಾಲಯದ ಮಾತು ಬೇರೆ. ದೂರದ ಪ್ರವಾಸಿ ಒಮ್ಮೆ ಬಂದು ಹೋದರೆ ಅದಕ್ಕೆ ಸಾಲದು; ಊರಿನವರು ದಿನವೂ ಬರಬೇಕು. ಗೋಡೆ, ಮಾಡುಗಳನ್ನು ಸರ್ಕಾರ ದುರಸ್ತಿ ಮಾಡಿಸಬಹುದು, ಓದುಗರನ್ನು ಒದಗಿಸುವುದು ಊರಿನ ಕೆಲಸ. ಮನೆಯಲ್ಲಿ ತೆಲುಗನ್ನೋ ತಮಿಳನ್ನೋ ಆಡುವ ಹುಡುಗನೊಬ್ಬ ಅಲ್ಲಿ ಕುಳಿತು ಕನ್ನಡ ಪುಸ್ತಕ ಬಿಡಿಸಿದರೆ, ಮಾಸ್ತಿಯವರು ನಡೆದ ದಾರಿಯಲ್ಲೇ ಅವನೂ ಹೆಜ್ಜೆ ಇಟ್ಟಂತೆ.