ಮಹಾಜನ ವರದಿ ವಿರೋಧಿಸಿದ ಅಂತುಳೆಗೂ ನ್ಯಾಯ ಬೇಕಿತ್ತು

ಅಕ್ಕಲಕೋಟ: ಎ.ಆರ್. ಅಂತುಳೆ ಹೆಸರು ತೆಗೆದರೆ ಈ ಭಾಗದ ಹಿರಿಯರು ಈಗಲೂ ಮುಖ ಸಿಂಡರಿಸುತ್ತಾರೆ. ಕಾರಣ ಸಿಮೆಂಟ್ ಹಗರಣ ಅಲ್ಲ, ಗಡಿ. ಅಕ್ಕಲಕೋಟ ತಾಲ್ಲೂಕು, ಜತ್ತ ಹಾಗೂ ದಕ್ಷಿಣ ಸೊಲ್ಲಾಪುರದ ಹಲವು ಹಳ್ಳಿಗಳು ಕನ್ನಡನಾಡಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತ್ತು. ಆ ವರದಿಯನ್ನು ಖಂಡಿಸಿ ಇಂಗ್ಲಿಷಿನಲ್ಲಿ ಪುಸ್ತಕವನ್ನೇ ಬರೆದವರು ಅಂತುಳೆ. ಹಾಗಾಗಿ 1982ರಲ್ಲಿ ಅವರ ಮುಖ್ಯಮಂತ್ರಿ ಕುರ್ಚಿ ಹೋದಾಗ ‘ಚಲೋ ಆತು’ ಅಂದವರಿಗೆ ನಮ್ಮ ಕಡೆ ಬರ ಇರಲಿಲ್ಲ.

ಆಗ ಸಿಮೆಂಟಿಗೆ ಸರ್ಕಾರದ ನಿಯಂತ್ರಣ. ಮನೆ ಕಟ್ಟೋರು ಪರ್ಮಿಟ್ಟಿಗಾಗಿ ಅಡ್ಡಾಡಬೇಕಿತ್ತು. ಅಂತುಳೆ ಕಟ್ಟಿದ ಟ್ರಸ್ಟಿಗೆ ದೇಣಿಗೆ ಕೊಟ್ಟು ಮುಂಬೈ ಬಿಲ್ಡರುಗಳು ಸಿಮೆಂಟ್ ಕೋಟಾ ಪಡೆದರು ಎಂಬುದು ಆರೋಪ. 1981ರ ಆಗಸ್ಟ್‌ನಲ್ಲಿ ಅರುಣ್ ಶೌರಿ ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಅದನ್ನು ಬಯಲಿಗೆಳೆದರು. 1982ರ ಜನವರಿಯಲ್ಲಿ ಮುಂಬೈ ಹೈಕೋರ್ಟಿನ ನ್ಯಾಯಮೂರ್ತಿ ಲೆಂಟಿನ್, ದೇಣಿಗೆಗೂ ಸಿಮೆಂಟಿಗೂ ನಂಟಿದೆ ಎಂದರು. ಅಂತುಳೆ ರಾಜೀನಾಮೆ ಕೊಟ್ಟರು.

ಪತ್ರಿಕೆ ತನ್ನ ಕೆಲಸ ಮಾಡಿತ್ತು. ಕುರ್ಚಿ ಬಿಟ್ಟದ್ದೂ ಸರಿಯೇ. ಆದರೆ ಅದು ರಿಟ್ ಅರ್ಜಿಯ ಮೇಲಿನ ತೀರ್ಪು, ಕ್ರಿಮಿನಲ್ ಅಪರಾಧ ಸಾಬೀತಾದದ್ದಲ್ಲ. ಈ ಫರಕು ಚಹಾದಂಗಡಿಯಲ್ಲಿ ಯಾರಿಗೆ ಬೇಕು?

ಕ್ರಿಮಿನಲ್ ದೂರು ಕೊಟ್ಟವರು ಬಿಜೆಪಿಯ ರಾಮದಾಸ್ ನಾಯಕ್. 1952ರ ಕಾಯ್ದೆ ಪ್ರಕಾರ ಇಂಥ ಕೇಸು ನಡೆಸುವ ಅಧಿಕಾರ ವಿಶೇಷ ನ್ಯಾಯಾಧೀಶರದ್ದು. ಆದರೆ 1984ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಲಗೂನ ಮುಗಿಯಲಿ ಎಂದು ಕೇಸನ್ನು ನೇರ ಹೈಕೋರ್ಟಿಗೆ ಒಯ್ದಿತು. ಹಾಗೆ ಮಾಡಿ ಎಂದು ಯಾರೂ ಕೇಳಿರಲಿಲ್ಲ. ಈ ಬಗ್ಗೆ ಆರೋಪಿಯ ಮಾತನ್ನೂ ಕೇಳಲಿಲ್ಲ. ಇದರಿಂದ ಹೈಕೋರ್ಟಿಗೆ ಮೇಲ್ಮನವಿ ಹಾಕುವ ಮೆಟ್ಟಿಲೇ ಅವರಿಗೆ ತಪ್ಪಿತು. ಲಂಚದ ಕೇಸಿನಲ್ಲಿ ಸಿಕ್ಕ ತಲಾಠಿಗೆ ಇರುವ ಮೆಟ್ಟಿಲು ಮಾಜಿ ಮುಖ್ಯಮಂತ್ರಿಗೆ ಇಲ್ಲ!

1988ರ ಏಪ್ರಿಲ್ 29ರಂದು ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ತನ್ನದೇ ಕೋರ್ಟಿನ ಆ ಆದೇಶ ರದ್ದು ಮಾಡಿತು. ಕೋರ್ಟಿನ ತಪ್ಪಿನಿಂದ ಯಾರಿಗೂ ಹಾನಿಯಾಗಬಾರದು ಎಂಬುದು ಅದರ ಸಾರ. ಲಗೂನ ಮುಗಿಸಲು ಹೋಗಿ ನಾಲ್ಕು ವರ್ಷ ನೀರುಪಾಲಾದವು.

ಗಡಿಯಲ್ಲಿ ಇರೋ ನಾವು ಮರಾಠಿ ಪೇಪರೂ ಓದುತ್ತೇವೆ, ಕನ್ನಡ ಪೇಪರೂ ಓದುತ್ತೇವೆ. 2010ರಲ್ಲಿ ಆದರ್ಶ ಸೊಸೈಟಿ ಪ್ರಕರಣದಲ್ಲಿ ಅಶೋಕ್ ಚವಾಣ್ ರಾಜೀನಾಮೆ ಕೊಟ್ಟಾಗ, 2011ರಲ್ಲಿ ಯಡಿಯೂರಪ್ಪ ಜೈಲಿಗೆ ಹೋದಾಗ ಕಟ್ಟೆ ಮ್ಯಾಲಿನ ತೀರ್ಪು ಭಾಷೆ ನೋಡಿ ಬದಲಾಗುತ್ತಿತ್ತು. ಅವರಾದರೆ ‘ಕಳ್ಳ ಅದಾನ್ರಿ’, ನಮ್ಮವರಾದರೆ ‘ರಾಜಕೀಯ ಸೇಡು’. ಯಡಿಯೂರಪ್ಪ ಮೇಲಿನ ಒಂದು ಕೇಸೂ ಟ್ರಸ್ಟಿಗೆ ಬಂದ ದೇಣಿಗೆಯದ್ದೇ. ಅದರಲ್ಲಿ 2016ರ ಅಕ್ಟೋಬರ್‌ನಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ‘ಕೋರ್ಟೇ ಹೇಳೇತಲ್ಲ’ ಎಂದು ಅಲ್ಲಿ ಒಪ್ಪುವವರು ಅಂತುಳೆ ಮಾತು ಬಂದರೆ ಕೋರ್ಟು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಅಂತುಳೆಗೆ ಶಿಕ್ಷೆ ಆಗಲೇ ಇಲ್ಲ. ಮುಂದೆ ಕೇಂದ್ರ ಮಂತ್ರಿಯೂ ಆದರು. ಹಾಗಂತ ಅವರೇನು ತೂಗಿ ಮಾತಾಡುವ ಮನುಷ್ಯ ಅಲ್ಲ. ಮುಂಬೈ ದಾಳಿಯ ಬಳಿಕ, 2008ರ ಡಿಸೆಂಬರ್‌ನಲ್ಲಿ, ಪೊಲೀಸ್ ಅಧಿಕಾರಿ ಹೇಮಂತ್ ಕರ್ಕರೆ ಸಾವಿನ ಬಗ್ಗೆ ಅನುಮಾನ ಎತ್ತಿದರು. ಗೃಹಮಂತ್ರಿ ಚಿದಂಬರಂ ಸಂಸತ್ತಿನಲ್ಲಿ ಅದನ್ನು ತಳ್ಳಿಹಾಕಬೇಕಾಯಿತು. ತಮ್ಮ ಮೇಲೆ ಬಂದಾಗ ಪುರಾವೆ ಕೇಳಿದವರು ಅವರೇ!

2014ರ ಡಿಸೆಂಬರ್ 2ರಂದು ಅವರು ತೀರಿಕೊಂಡರು. ಅವರದೇ ಕೇಸಿನಲ್ಲಿ 1991ರ ಡಿಸೆಂಬರ್‌ನಲ್ಲಿ ಇನ್ನೊಂದು ತೀರ್ಪು ಬಂದಿತ್ತು: ತನಿಖೆಯಿಂದ ಮೇಲ್ಮನವಿವರೆಗೆ ವಿನಾಕಾರಣ ತಡವಿಲ್ಲದ ವಿಚಾರಣೆ ಆರೋಪಿಯ ಹಕ್ಕು, ಇಂತಿಷ್ಟೇ ವರ್ಷ ಎಂದು ಗೆರೆ ಎಳೆಯಲಾಗದು, ತಡ ಯಾರಿಂದಾಯಿತು ಎಂದೂ ನೋಡಬೇಕು. ವರ್ಷಗಟ್ಟಲೆ ತಾರೀಖಿಗೆ ಅಲೆಯುವ ಬಡವರ ಪರ ವಕೀಲರು ಇವತ್ತಿಗೂ ‘ಅಂತುಳೆ ಕೇಸು’ ಎಂದು ಅದನ್ನೇ ಮುಂದಿಡುತ್ತಾರೆ.